ಕಾಯಂ ಆದವರಿಗಷ್ಟೇ ತುಪ್ಪ

ನಮ್ಮ ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ. ಆದರೆ ನಗೆಪಾಟಲಿನ ಪ್ರಸಂಗಗಳಿಗೆ ಸೀಜನ್ ಎಂಬುದಿಲ್ಲ, ಅವು ಹನ್ನೆರಡು ತಿಂಗಳೂ ನಡೆದೇ ಇರುತ್ತವೆ. ಎಲ್ಲವನ್ನೂ ಹೇಳುತ್ತ ಕುಳಿತರೆ ನನ್ನ ನೌಕರಿಗೇ ಕುತ್ತು ಬಂದೀತು. ಹೇಳಿದರೂ ನಡೆದೀತು ಎನ್ನುವಂಥ ಕೆಲವನ್ನಷ್ಟೇ ಇಲ್ಲಿ ಹೇಳುತ್ತೇನೆ.

ಭೀಮಾ ನದಿಯ ದಂಡೆಗೆ, ಅಫಜಲಪುರದ ಕಡೆ ಇರುವ ಒಂದು ದೊಡ್ಡ ಸಕ್ಕರೆ ಕಾರ್ಖಾನೆ ನಮ್ಮದು. ಸೊನ್ನದ ಬ್ಯಾರೇಜಿನ ಸುತ್ತಲಿನ ಕಬ್ಬು, ಜೇವರ್ಗಿಯ ಕಬ್ಬು, ಆಳಂದದ ಕಡೆಯ ಕಬ್ಬು ಎಲ್ಲವೂ ಟ್ರ್ಯಾಕ್ಟರ್ ಏರಿ ಇಲ್ಲಿಗೆ ಬರುತ್ತವೆ. ಕಾರ್ಖಾನೆಯ ಹೆಸರು ಮಾತ್ರ ಕೇಳಬೇಡಿ, ನನ್ನ ಪಗಾರ ಇನ್ನೂ ಅಲ್ಲಿಂದಲೇ ಬರಬೇಕು. ಕಬ್ಬಿನ ರಸವನ್ನು ಕುದಿಸಿ ಹರಳು ಮಾಡುವ ದೊಡ್ಡ ದೊಡ್ಡ ಪ್ಯಾನುಗಳಿರುವ ಮೂರನೆಯ ಮಹಡಿಯಲ್ಲಿ ನಾನು ಸೂಪರ್‌ವೈಸರ್. ಆಗ ಟೆಂಪರರಿ ಸೂಪರ್‌ವೈಸರ್. ಅಂದರೆ ಕೆಲಸ ಪೂರಾ ಸೂಪರ್‌ವೈಸರನದು, ಬೈಸಿಕೊಳ್ಳುವುದೂ ಸೂಪರ್‌ವೈಸರನಷ್ಟೇ, ಆದರೆ ಹುದ್ದೆಯ ಆದೇಶ ಮಾತ್ರ ಇನ್ನೂ ಬಂದಿರಲಿಲ್ಲ.

ಆದೇಶ ಕೊಡಬೇಕಾದವರು ನಮ್ಮ ಜಿ.ಎಂ. ಸಾಹೇಬರು. ಕೊಲ್ಹಾಪುರದ ಕಡೆಯವರು. ಮನುಷ್ಯ ಕೆಟ್ಟವರಲ್ಲ. ಯಾರು ಏನು ಕೇಳಿಕೊಂಡು ಹೋದರೂ ಇಲ್ಲ ಎಂದವರೇ ಅಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ, ಬಹಳ ಪ್ರೀತಿಯಿಂದ, "ಮುಂದಿನ ಸೀಜನ್ ನೋಡೋಣ" ಎನ್ನುವರು. ರಜೆ ಕೇಳಿದರೂ ಅದೇ, ಪಗಾರ ಕೇಳಿದರೂ ಅದೇ, ಮಹಡಿಯ ಮೇಲೆ ಫ್ಯಾನು ಕೇಳಿದರೂ ಅದೇ.

ಕಾಯಂ ಆಗದಿದ್ದರೆ ನಿನಗೆ ಏನು ನಷ್ಟ ಎಂದು ಕೇಳಬಹುದು. ನನಗೆ ಆಗುತ್ತಿದ್ದ ನಷ್ಟ ತುಪ್ಪದ್ದು.

ನನ್ನ ಮಾವನ ಮನೆ ಅಂದೋಲಾ. ನಾಲ್ಕು ಎಕರೆ ಕಬ್ಬು, ಖಡಕ್ ಮನುಷ್ಯ. ಮಗಳನ್ನು ಕೊಡುವಾಗ ಅವರು ಕೇಳಿದ್ದು ಒಂದೇ ಮಾತು: "ಹುಡುಗಾ ಕಾಯಂ ಇದ್ದಾನೇನ್ರಿ?" ನಮ್ಮ ಹಿರಿಯರು, "ಮುಂದಿನ ಸೀಜನ್ ಆಗ್ತಾನ್ರಿ" ಎಂದರು. ಮಾವ ನಂಬಿದರು. ಅಂದಿನಿಂದ ಎಷ್ಟೋ ಸೀಜನ್‌ಗಳು ಬಂದು ಹೋದವು. ಅವರ ದೊಡ್ಡ ಅಳಿಯ ಕರೆಂಟಿನ ಇಲಾಖೆಯಲ್ಲಿ ಕಾಯಂ ಲೈನ್‌ಮನ್. ಹಬ್ಬಕ್ಕೆ ಹೋದಾಗ ನಮ್ಮಿಬ್ಬರನ್ನೂ ಪಕ್ಕಪಕ್ಕಕ್ಕೆ ಊಟಕ್ಕೆ ಕೂಡಿಸುವರು. ಮಾವ ತಾವೇ ತುಪ್ಪದ ಗಿಂಡಿ ಹಿಡಿದು ಬರುವರು. ದೊಡ್ಡ ಅಳಿಯನ ಹೋಳಿಗೆಯ ಮೇಲೆ, ಅವನು ಎರಡೂ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎನ್ನುವವರೆಗೆ ಸುರಿಯುವರು. ನನ್ನ ಎಲೆಗೆ ಬಂದಾಗ ಗಿಂಡಿ ತಾನಾಗಿಯೇ ನೆಟ್ಟಗಾಗುವುದು. ಒಂದು ಚಮಚದಷ್ಟು ಬಿಟ್ಟು, "ಉಳಿದದ್ದು ಕಾಯಂ ಆದ ಮ್ಯಾಲ, ಅಳ್ಯಾರ" ಎಂದು ಮುಂದೆ ಹೋಗುವರು.

ನನಗೆ ಸಿಟ್ಟು ಬರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿಗೆ ನನಗಿಂತ ಹೆಚ್ಚು ಬರುತ್ತಿತ್ತು. ಊರಿಗೆ ವಾಪಸಾಗುವ ಬಸ್ಸಿನಲ್ಲಿ ಅವಳು ಜೇವರ್ಗಿ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂಡುತ್ತಿದ್ದಳು.

ದಾರಿ ಬಿಡ್ರಿ

ಒಂದು ವರ್ಷ ಪುಣೆಯಿಂದ ಇಬ್ಬರು ತರಬೇತಿಯವರು ಬಂದರು. ಬಿಗಿ ಪ್ಯಾಂಟು, ಕೊರಳಿಗೆ ಗುರುತಿನ ಚೀಟಿಯ ಪಟ್ಟಿ, ಕೈಯಲ್ಲಿ ನೀರಿನ ಬಾಟಲಿ. ಆಡಳಿತಕ್ಕೂ ಕಾರ್ಮಿಕರಿಗೂ ನಡುವೆ ವಿಶ್ವಾಸ ಬೆಳೆಸುವುದು ಅವರ ಕೆಲಸವಂತೆ. ಆಫೀಸಿನ ಮುಂದಿನ ಹುಲ್ಲಿನ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿ ಒಂದು ಆಟ ಹೇಳಿಕೊಟ್ಟರು. ಒಬ್ಬರು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಕಟ್ಟಿ, ಹಿಂದಕ್ಕೆ ಬೀಳಬೇಕು. ಹಿಂದೆ ನಿಂತವರು ಹಿಡಿಯಬೇಕು. ಇಷ್ಟೇ.

"ಮೊದಲು ನಾನೇ ಬೀಳ್ತೇನೆ" ಎಂದು ಜಿ.ಎಂ. ಸಾಹೇಬರು ಮುಂದೆ ಬಂದರು. ಹಿಡಿಯುವವರ ಸಾಲಿನಲ್ಲಿ ನಾನು ನಡುಮಧ್ಯ ಜಾಗ ಹಿಡಿದೆ. ಸಾಹೇಬರು ಬೀಳುವುದು ನನ್ನ ಕೈಯೊಳಗೇ, ಅಂಥವನನ್ನು ಕಾಯಂ ಮಾಡದೆ ಇರುತ್ತಾರೆಯೇ ಎಂದು ನನ್ನ ಲೆಕ್ಕ. ನನ್ನ ಪಕ್ಕಕ್ಕೆ ಚಾಚಾ. ನಮ್ಮ ಮಹಡಿಯ ಹಿರಿಯ ಕೆಲಸಗಾರ, ನಿವೃತ್ತಿಗೆ ಹತ್ತಿರ ಬಂದವನು. ಹೆಸರು ಬೇರೆ ಇದೆ, ಆದರೆ ಜಿ.ಎಂ.ನಿಂದ ಹಿಡಿದು ಕಸ ಹೊಡೆಯುವವನವರೆಗೆ ಎಲ್ಲರಿಗೂ ಆತ ಚಾಚಾ.

ಈಗ ನಮ್ಮ ಕಾರ್ಖಾನೆಯ ಒಂದು ರೂಢಿ ಹೇಳಬೇಕು. ಸಾಹೇಬರು ನಮ್ಮ ಕಡೆ ಬರುವುದು ಕಂಡರೆ ನಾವು ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು, ದಾರಿ ಬಿಡಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ. ಸೇರಿದ ಮೊದಲ ವಾರದಲ್ಲೇ ಕಾಲಿಗೆ ಅಭ್ಯಾಸವಾಗಿಬಿಡುತ್ತದೆ, ತಲೆ ಯೋಚಿಸುವ ಮೊದಲೇ ಕಾಲು ಸರಿದಿರುತ್ತದೆ.

ತರಬೇತಿಯವನು ಚಪ್ಪಾಳೆ ತಟ್ಟಿದ. ಸಾಹೇಬರು ಕಣ್ಣು ಮುಚ್ಚಿ ಹಿಂದಕ್ಕೆ ವಾಲಿದರು. ಅವರ ಬೆನ್ನು ನಮ್ಮ ಕಡೆಗೆ ಬರುವುದು ಕಂಡಿದ್ದೇ ತಡ, ಚಾಚಾ ಗಟ್ಟಿಯಾಗಿ ಕೂಗಿದ:

"ಸಾಹೇಬ್ರು ಬರಾಕತ್ತಾರ! ದಾರಿ ಬಿಡ್ರೋ!"

ನಾವೆಲ್ಲ ಎರಡು ಸಾಲಾಗಿ ಸರಿದು ತಲೆ ಬಾಗಿಸಿ ಕೈ ಮುಗಿದು ನಿಂತೆವು. ಸಾಹೇಬರು ನಮ್ಮ ನಡುವೆ ಬಂದು ಧೊಪ್ಪೆಂದು ಬಿದ್ದರು. ಮಾಲಿ ಬೆಳಿಗ್ಗೆಯಷ್ಟೇ ಹುಲ್ಲಿಗೆ ನೀರು ಬಿಟ್ಟಿದ್ದರಿಂದ ಪೆಟ್ಟು ಹೆಚ್ಚಾಗಲಿಲ್ಲ, ರಾಡಿ ಮಾತ್ರ ಹೆಚ್ಚಾಯಿತು.

"ಯಾಕೆ ಹಿಡಿಯಲಿಲ್ಲ?" ಎಂದು ತರಬೇತಿಯವನು ಚೀರಿದ.

"ಹ್ಯಾಂಗ ಹಿಡೀಬೇಕ್ರಿ?" ಎಂದ ಚಾಚಾ. "ಅವ್ರು ಜಿ.ಎಂ. ಅದಾರ. ನಾವು ಮೈ ಮುಟ್ಟಿದ್ರ ಅವ್ರ ಇಜ್ಜತ್ ಏನ್ ಉಳೀತದ?"

ನಾನು ಓಡಿಹೋಗಿ ಸಾಹೇಬರ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಇಷ್ಟು ಹತ್ತಿರ ಅವರು ಮತ್ತೆ ಸಿಗುವುದಿಲ್ಲ ಅನ್ನಿಸಿತು. ಎಬ್ಬಿಸಲು ಕೈ ಚಾಚುತ್ತ ಮೆಲ್ಲಗೆ, "ಸಾಹೇಬ್ರ, ನನ್ನ ಕಾಯಂದು ಏನಾತ್ರಿ?" ಎಂದೆ. ಆಕಾಶ ನೋಡುತ್ತ ಮಲಗಿದ್ದ ಸಾಹೇಬರು ಮಲಗಿದ್ದಲ್ಲಿಂದಲೇ, "ಮುಂದಿನ ಸೀಜನ್ ನೋಡೋಣ" ಎಂದರು.

ಸದಾ ತೆರೆದ ಬಾಗಿಲು

ಪುಣೆಯವರು ಹೋಗುವಾಗ, ಸಾಹೇಬರಿಗೂ ಕಾರ್ಮಿಕರಿಗೂ ಅಂತರ ಬಹಳ ಇದೆ, ಅದನ್ನು ಕಡಿಮೆ ಮಾಡಿ ಎಂದು ವರದಿ ಕೊಟ್ಟು ಹೋದರು. ಸಾಹೇಬರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. "ಇವತ್ತಿನಿಂದ ನನ್ನ ಕೋಣೆಯ ಬಾಗಿಲು ಎಲ್ಲರಿಗೂ ಸದಾ ತೆರೆದಿರುತ್ತದೆ. ಯಾರಿಗೆ ಏನೇ ಸಮಸ್ಯೆ ಇರಲಿ, ನೇರವಾಗಿ ಒಳಗೆ ಬನ್ನಿ" ಎಂದು ಮೈಕಿನಲ್ಲಿ ಹೇಳಿದರು.

ಹೇಳಿದ್ದೇನೋ ಒಳ್ಳೆಯದೇ. ಹೇಳಿದ ಹೊತ್ತು ಮಾತ್ರ ತಪ್ಪಾಯಿತು. ಏಪ್ರಿಲ್ ತಿಂಗಳು. ಕಬ್ಬು ಮುಗಿದು ಗಿರಣಿ ನಿಂತಿದೆ, ಯಂತ್ರಗಳ ರಿಪೇರಿ ನಡೆದಿದೆ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಟ್ಟು ಬಿಗಿಯುವ ಕಬ್ಬಿಣದ ಪಾನಾ ಕೈಗೆ ಹಿಡಿದರೆ ಚುರ್ ಎನ್ನುತ್ತದೆ. ಇಂಥ ಹೊತ್ತಿನಲ್ಲಿ ಇಡೀ ಕಾರ್ಖಾನೆಗೆ ಎ.ಸಿ. ಇರುವ ಕೋಣೆ ಒಂದೇ, ಅದು ಸಾಹೇಬರದು, ಅದರ ಬಾಗಿಲು ಈಗ ಸದಾ ತೆರೆದಿದೆ.

ಮೊದಲ ದಿನ ಇಬ್ಬರು ಫಿಟ್ಟರುಗಳು ಸಮಸ್ಯೆ ತಂದರು. ಮರುದಿನ ಪೂರಾ ವರ್ಕ್‌ಶಾಪು ಬಂತು. ವಾರದೊಳಗೆ ಕುರ್ಚಿ ಸಾಲದೆ ನೆಲದ ಮೇಲೆ ಚಾಪೆ ಬಿದ್ದವು. ಒಬ್ಬ ತನ್ನ ತಮ್ಮನ ಹೊಲದ ತಕರಾರು ತಂದ. ಇನ್ನೊಬ್ಬ ಎಮ್ಮೆ ಹಾಲು ಕೊಡುತ್ತಿಲ್ಲ ಎಂಬುದನ್ನು ಬಹಳ ನಿಧಾನವಾಗಿ, ಎಮ್ಮೆ ಕೊಂಡ ದಿನದಿಂದ ಹಿಡಿದು ಹೇಳಿದ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿಯ ವಾಸನೆ ಸಾಹೇಬರ ಕಾಗದಪತ್ರಗಳಿಗೆಲ್ಲ ಹತ್ತಿತು. ಮೂಲೆಯಲ್ಲಿ ಒಬ್ಬ ವೆಲ್ಡರ್ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಸಾಹೇಬರು ಅವನನ್ನು ಅಲುಗಿಸಿ, "ನಿಮ್ಮ ಸಮಸ್ಯೆ ಏನು?" ಎಂದರು. ಅವನು ಕಣ್ಣು ಉಜ್ಜುತ್ತ, "ಹೊರಗ ಬಿಸಲು ಭಾಳ ಅದ್ರಿ, ಸಾಹೇಬ್ರ" ಎಂದ.

ನನ್ನದು ನಿಜವಾದ ಸಮಸ್ಯೆ. ಆದರೆ ನನಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೊಸ್ತಿಲಲ್ಲೇ ನಿಂತು, ಎಲ್ಲರ ತಲೆಯ ಮೇಲಿಂದ ಕೂಗಿದೆ: "ಸಾಹೇಬ್ರ, ನನ್ನ ಕಾಯಂದು ಏನಾತ್ರಿ?"

ಸಾಹೇಬರು ಕನ್ನಡಕಕ್ಕೆ ಕೈ ಹಾಕಿದರು. ಅವರು ಅದನ್ನು ತೆಗೆಯುವುದರೊಳಗೆ, ಚಾಪೆಯ ಮೇಲಿದ್ದವರು, ಕುರ್ಚಿಯ ಮೇಲಿದ್ದವರು, ಆಗತಾನೆ ಎದ್ದ ವೆಲ್ಡರ್, ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು:

"ಮುಂದಿನ ಸೀಜನ್ ನೋಡೋಣ!"

ಎಕ್ಸಿಕ್ಯೂಟಿವ್ ಕಾಯುವ ಗೇಟು

ಆ ವರ್ಷ ಪಗಾರ ಏರಿಸಬೇಕೆಂದು ಯೂನಿಯನ್ನಿನವರು ಗಲಾಟೆ ಮಾಡಿದರು. ಆಡಳಿತದವರು ಬಹಳ ಯೋಚನೆ ಮಾಡಿ, ಪಗಾರದ ಬದಲು ಎಲ್ಲರ ಹುದ್ದೆಯ ಹೆಸರು ಏರಿಸಿದರು. ಕಸ ಹೊಡೆಯುವವರು ಹೈಜೀನ್ ಅಸೋಸಿಯೇಟ್ ಆದರು. ಜೀಪಿನ ಡ್ರೈವರ್ ಟ್ರಾನ್ಸ್‌ಪೋರ್ಟ್ ಎಕ್ಸಿಕ್ಯೂಟಿವ್ ಆದ. ನಾನು ಟೆಂಪರರಿ ಟೀಮ್ ಲೀಡರ್ ಆದೆ. ಅಂದೋಲಾಕ್ಕೆ ಫೋನು ಮಾಡಿ ಹೇಳಿದಾಗ ಮಾವ ಪೂರಾ ಕೇಳಿಸಿಕೊಂಡು, "ಹೆಸರು ಉದ್ದ ಆತು, ಅಳ್ಯಾರ. ಅದರ ಮುಂದಿನ ಟೆಂಪರರಿ ಅಲ್ಲೇ ಕುಂತದಲ್ಲ?" ಎಂದರು. ತುಪ್ಪದ ಆಸೆ ಅಲ್ಲಿಗೇ ಮುಗಿಯಿತು.

ಈ ಬಡ್ತಿಯನ್ನು ಮನಸಾರೆ ನಂಬಿದವನು ನಮ್ಮ ಗೇಟಿನ ವಾಚ್‌ಮನ್ ಒಬ್ಬನೇ. ಅವನು ಸೆಕ್ಯೂರಿಟಿ ಎಕ್ಸಿಕ್ಯೂಟಿವ್ ಆಗಿದ್ದ. ಅಫಜಲಪುರಕ್ಕೆ ಹೋಗಿ ವಿಸಿಟಿಂಗ್ ಕಾರ್ಡು ಹಾಕಿಸಿಕೊಂಡು ಬಂದ. ಮೀಸೆ ತಿದ್ದಿಸಿದ. ಗೇಟಿನ ಪಕ್ಕ ಸ್ಟೂಲಿದ್ದಲ್ಲಿ ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಬಂತು.

ಮರುದಿನ ಬೆಳಿಗ್ಗೆ ಸಾಹೇಬರ ಜೀಪು ಗೇಟಿನ ಮುಂದೆ ಬಂದು ಹಾರ್ನ್ ಹೊಡೆಯಿತು. ವಾಚ್‌ಮನ್ ಕುರ್ಚಿಯಲ್ಲೇ ಕುಳಿತು ಸೆಲ್ಯೂಟ್ ಹೊಡೆದ. ಮತ್ತೆ ಹಾರ್ನ್. ಮತ್ತೆ ಸೆಲ್ಯೂಟ್. ಸಾಹೇಬರು ಕಿಟಕಿಯ ಗಾಜು ಇಳಿಸಿ, "ಅರೇ, ಗೇಟ್ ತೆಗೀರಿ" ಎಂದರು.

ಅವನು ಎದ್ದು ಬಂದು, ಬಹಳ ವಿನಯದಿಂದ, "ಸಾಹೇಬ್ರ, ಗೇಟ್ ತೆಗ್ಯೋದು ವಾಚ್‌ಮನ್ನನ ಕೆಲಸ. ನಾ ಈಗ ಎಕ್ಸಿಕ್ಯೂಟಿವ್ ಅದೀನಿ. ವಾಚ್‌ಮನ್ ಪೋಸ್ಟ್ ಖಾಲಿ ಅದ್ರಿ, ಲಗೂನ ಒಬ್ಬಾವನ್ನ ತಗೋರಿ" ಎಂದು ಕಾರ್ಡು ಕೊಟ್ಟು ಹೋಗಿ ಕುಳಿತ.

ಸಾಹೇಬರು ಡ್ರೈವರನ ಮುಖ ನೋಡಿದರು. ಡ್ರೈವರ್ ಸ್ಟೇರಿಂಗ್ ನೋಡುತ್ತ, "ನಾನೂ ಎಕ್ಸಿಕ್ಯೂಟಿವ್ ಅದೀನಲ್ರಿ, ಸಾಹೇಬ್ರ" ಎಂದ.

ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಹಾರ್ನ್ ಬಡಿಯುತ್ತಿತ್ತು. ಬೇರೆ ದಾರಿಯಿಲ್ಲದೆ ಸಾಹೇಬರೇ ಇಳಿದು ಗೇಟು ತಳ್ಳಿದರು. ಜೀಪು ಒಳಗೆ ಹೋಯಿತು. ಸಾಹೇಬರು ಗೇಟು ಹಿಡಿದುಕೊಂಡು ನಿಂತದ್ದು ನೋಡಿ ಟ್ರ್ಯಾಕ್ಟರುಗಳೂ ಒಂದರ ಹಿಂದೊಂದು ನುಗ್ಗಿದವು. ಆಳಂದ ಕಡೆಯ ಒಬ್ಬ ರೈತ ಟ್ರ್ಯಾಕ್ಟರಿನ ಮೇಲಿಂದಲೇ ಬಾಗಿ, "ಹೊಸಬರೇನ್ರಿ? ಚಾ ಕುಡೀರಿ ಯಜಮಾನ್ರ" ಎಂದು ಹತ್ತು ರೂಪಾಯಿ ಸಾಹೇಬರ ಕೈಗೆ ತುರುಕಿ ಮುಂದೆ ಹೋದ.

ಆ ವರ್ಷ ನಮ್ಮ ಕಾರ್ಖಾನೆಯಲ್ಲಿ ಪಗಾರದ ಮೇಲೆ ಏನಾದರೂ ಹೆಚ್ಚಿಗೆ ಸಿಕ್ಕಿದ್ದು ಅವರೊಬ್ಬರಿಗೇ.

ಚಾಚಾನ ಹಿಸ್ಸಾ

ದೀಪಾವಳಿಗೆ ನಮ್ಮಲ್ಲಿ ಬೋನಸ್ ಜೊತೆ ಸಕ್ಕರೆ ಕೊಡುತ್ತಾರೆ. ಒಮ್ಮೆ ಬೋನಸ್ಸಿನ ದುಡ್ಡು ಕೈಬಿಟ್ಟು ಸಕ್ಕರೆಯನ್ನಷ್ಟೇ ಕೊಡುವುದಾಗಿ ಗೊತ್ತಾಯಿತು. ಸಾಹೇಬರು ಎಲ್ಲರನ್ನೂ ಕೂಡಿಸಿ ಭಾಷಣ ಮಾಡಿದರು. "ದುಡ್ಡು ಇವತ್ತು ಬರುತ್ತದೆ, ನಾಳೆ ಹೋಗುತ್ತದೆ. ನಾವು ಮಾಲೀಕರು, ನೀವು ಕಾರ್ಮಿಕರು ಅಂತ ಇಲ್ಲ. ನಾವೆಲ್ಲ ಒಂದೇ ಮನೆತನ."

ಚಾಚಾ ಕೈ ಎತ್ತಿದ. "ಖುಷಿ ಆತ್ರಿ, ಸಾಹೇಬ್ರ. ಹಂಗಾದ್ರ ನನ್ನ ಹಿಸ್ಸಾ ಯಾವ ಕಡೀಂದು ಬರ್ತದ್ರಿ? ಗೇಟಿನ ಕಡೀಂದೋ, ಬಾಯ್ಲರ್ ಕಡೀಂದೋ? ರಿಟೈರ್ ಆಗೋದ್ರಾಗ ಗೋಡಿ ಹಾಕ್ಕೋತೀನಿ."

ನಗು ನಿಂತ ಮೇಲೆ ಆತ ಇನ್ನೊಂದು ಮಾತು ಕೇಳಿದ. ಚಾಚಾನಿಗೆ ಸಕ್ಕರೆ ಕಾಯಿಲೆ ಇತ್ತು. "ಕಾರ್ಖಾನಿ ಡಾಕ್ಟರ್ ಸಾಹೇಬ್ರು ಸಕ್ಕರಿ ಕಣ್ಣೆತ್ತಿ ನೋಡಬ್ಯಾಡ ಅಂತಾರ. ಕಾರ್ಖಾನಿ ಬೋನಸ್ ಚೀಲಾ ತುಂಬ ಸಕ್ಕರಿ ಕೊಡ್ತದ. ಇಬ್ಬರೂ ನಿಮ್ಮವರೇ. ಕೂತು ಮಾತಾಡಿ ನನಗ ಒಂದೇ ಮಾತು ಹೇಳ್ರಿ."

ಸಾಹೇಬರು ಕನ್ನಡಕ ಒರೆಸುತ್ತ ಏನು ಹೇಳಿದರು ಎಂಬುದನ್ನು ನಾನು ಮತ್ತೆ ಬರೆಯುವುದಿಲ್ಲ.

ಬಾಯ್ಲರ್ ಮುಂದೆ ಗಂಡ ಹೆಂಡತಿ

ಪ್ರತಿ ಸೀಜನ್ ಶುರುವಾಗುವ ಮೊದಲು ಬಾಯ್ಲರ್ ಪೂಜೆ ನಡೆಯುತ್ತದೆ. ಕಾರ್ಖಾನೆಯ ಒಬ್ಬ ಅಧಿಕಾರಿ ಹೆಂಡತಿಯೊಂದಿಗೆ ಪೂಜೆಗೆ ಕೂಡಬೇಕು, ಆಮೇಲೆ ಬಾಯ್ಲರಿಗೆ ಬೆಂಕಿ ಹಚ್ಚಬೇಕು. ಇದು ಮೊದಲಿನಿಂದ ನಡೆದುಬಂದ ರೂಢಿ. ಜಿ.ಎಂ. ಸಾಹೇಬರ ಹೆಂಡತಿ ಮಕ್ಕಳ ಶಾಲೆಗೆಂದು ಕೊಲ್ಹಾಪುರದಲ್ಲೇ ಇರುತ್ತಿದ್ದರು. ಹಾಗಾಗಿ ಚೀಫ್ ಇಂಜಿನಿಯರ್ ದಂಪತಿ ಕೂಡುತ್ತಿದ್ದರು. ಆ ವರ್ಷ ಇಂಜಿನಿಯರ್ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಚೀಫ್ ಕೆಮಿಸ್ಟನಿಗೆ ಮದುವೆಯೇ ಆಗಿರಲಿಲ್ಲ. ಅಕೌಂಟ್ಸ್ ಸಾಹೇಬರಿಗೆ ಸೂತಕ. ಮುಹೂರ್ತ ಹತ್ತಿರ ಬಂದಾಗ ಜಿ.ಎಂ. ಸಾಹೇಬರು ಓಡೋಡಿ ನನ್ನ ಹತ್ತಿರ ಬಂದರು. "ನಿನ್ನ ಹೆಂಡತಿ ಊರಾಗೇ ಇದ್ದಾಳಲ್ಲ? ಕರ್ಕೊಂಡು ಬಾ. ನೀವೇ ಕೂಡ್ರಿ."

ಹೆಂಡತಿ ಇಳಕಲ್ ಸೀರೆ ಉಟ್ಟು ಬಂದಳು. ದಾರಿಯಲ್ಲಿ ಒಂದೇ ಮಾತು ಕೇಳಿದಳು: "ಅಪ್ಪಾ ಬಂದಾನೇನ್ರಿ?" ಬಂದಿದ್ದರು. ಕಬ್ಬು ಕಳಿಸುವ ರೈತರಿಗೂ ಪೂಜೆಗೆ ಆಮಂತ್ರಣ ಇರುತ್ತದೆ. ಮಾವ ರುಮಾಲು ಸುತ್ತಿಕೊಂಡು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಮುಂದಿನ ಸೋಫಾದಲ್ಲಿ ಕಾರ್ಖಾನೆಯ ಮಾಲೀಕರಾದ ಚೇರ್ಮನ್ ಸಾಹೇಬರು.

ಪೂಜೆ ಮಾಡಿಸಲು ಬಂದವರು ಪಕ್ಕದ ಊರಿನ ಹಿರಿಯ ಅಯ್ಯನವರು. ಮೈಕು ಮುಂದಿಟ್ಟುಕೊಂಡು ಶುರು ಮಾಡಿದರು. ನನ್ನ ಹೆಸರು ಕೇಳಿದರು, ಹೇಳಿದೆ. "ಕಾರ್ಖಾನ್ಯಾಗ ಏನಾಗಿದ್ದೀಯಪ್ಪ?" ಎಂದರು. ಟೀಮ್ ಲೀಡರ್ ಎಂದರೆ ಅವರಿಗೆ ತಿಳಿಯದೆಂದು ಹಳೆಯ ಹೆಸರನ್ನೇ ಹಿಡಿದು, "ಸೂಪರ್‌ವೈಸರ್ ರೀ" ಎಂದೆ.

ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಹೇಳಿದಳು. ಮೆಲ್ಲಗೇ ಹೇಳಿದಳು, ಆದರೆ ಮೈಕು ಹತ್ತಿರವಿತ್ತು.

"ದೇವರ ಮುಂದ ಕುಂತು ಸುಳ್ಳ್ಯಾಕ ಹೇಳ್ತೀರಿ? ಟೆಂಪರರಿ ಸೂಪರ್‌ವೈಸರ್ ಅನ್ರಿ."

ಆ ಮಾತು ಯಾರ್ಡಿನಲ್ಲಿ ನಿಂತ ಟ್ರ್ಯಾಕ್ಟರುಗಳವರೆಗೂ ಕೇಳಿಸಿತು. ಅಯ್ಯನವರು ಗಂಟೆ ಕೆಳಗಿಟ್ಟರು.

"ಟೆಂಪರರಿ? ಪೂಜಾಕ ಕುಂತಾವ ಟೆಂಪರರಿ ಇದ್ರ ಸಂಕಲ್ಪಾನೂ ಟೆಂಪರರಿ ಆಗ್ತದ. ಸಂಕಲ್ಪ ಟೆಂಪರರಿ ಆದ್ರ ಬಾಯ್ಲರ್ ಎಷ್ಟ್ ದಿನ ನಡೀತದೋ ನನಗ ಗೊತ್ತಿಲ್ಲ. ನಾ ಮಂತ್ರ ಹೇಳಿ ಹೋಗ್ತೀನಿ. ನಾಳಿ ಹೊಗಿ ಬರ್ಲಿಲ್ಲಂದ್ರ ನನ್ನ ಹತ್ರ ಬರಬ್ಯಾಡ್ರಿ."

ಹಿಂದಿನ ವರ್ಷ ಬಾಯ್ಲರ್ ಮೊದಲ ವಾರವೇ ಕೆಟ್ಟು ನಿಂತದ್ದು ಎಲ್ಲರಿಗೂ ನೆನಪಿತ್ತು. ಚೇರ್ಮನ್ನರು ಸೋಫಾದಲ್ಲಿ ಮುಂದೆ ಸರಿದರು. "ಯಾಕ ಇವರನ್ನ ಕಾಯಂ ಮಾಡಿಲ್ಲ?" ಎಂದು ಜಿ.ಎಂ. ಸಾಹೇಬರನ್ನು ಕೇಳಿದರು.

ಸಾಹೇಬರು ಕನ್ನಡಕ ತೆಗೆದರು. "ಸರ್, ಮುಂದಿನ ಸೀಜ..."

"ಮುಹೂರ್ತ ಮುಂದಿನ ಸೀಜನ್ ತನಕ ನಿಲ್ಲೂದಿಲ್ರಿ" ಎಂದರು ಅಯ್ಯನವರು. "ಇನ್ನ ಹತ್ತು ನಿಮಿಷ ಅದ."

"ಕಾಯಂ ಮಾಡ್ರಿ" ಎಂದರು ಚೇರ್ಮನ್ನರು. ಸಾಹೇಬರು ಮೈಕಿನಲ್ಲಿ, "ಇವತ್ತಿನಿಂದ ಇವರು ಕಾಯಂ" ಎಂದು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಮಾತ್ರ ಸೆರಗಿನೊಳಗಿಂದ ಕೈ ಹೊರಗೆ ತೆಗೆಯಲಿಲ್ಲ. "ಬರೆದು ಕೊಡ್ರಿ" ಎಂದಳು.

ಸಾಹೇಬರು ಪೂಜೆಯ ಆಮಂತ್ರಣ ಪತ್ರಿಕೆಯ ಹಿಂಬದಿಗೇ ಬರೆದು ಸಹಿ ಹಾಕಿ ಕೊಟ್ಟರು. ಅವಳು ಅದನ್ನು ಓದಿ, ಕಲಶದ ಬುಡಕ್ಕಿಟ್ಟು, ಎರಡು ಕಾಳು ಅಕ್ಷತೆ ಹಾಕಿ, "ಈಗ ನಡೀಲ್ರಿ" ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಸಾಹೇಬರ ಹಿಂದೆ ತಿರುಗಿ ಆಗದ್ದನ್ನು ಅವಳು ಕುಳಿತಲ್ಲೇ ಮಾಡಿಕೊಂಡಿದ್ದಳು. ಹೊರಳಿ ನೋಡಿದರೆ ಮೂರನೆಯ ಸಾಲಿನಲ್ಲಿ ಮಾವ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮುಂದಿನ ಹಬ್ಬಕ್ಕೆ ಅಂದೋಲಾಕ್ಕೆ ಹೋದಾಗ ಗಿಂಡಿ ಮೊದಲು ನನ್ನ ಎಲೆಗೆ ಬಂತು. ಧಾರೆಯಾಗಿ ಬಂತು. ಎರಡೂ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎಂದೆ. ಆ ಮಾತು ಆಡಲು ನನಗೆ ಎಷ್ಟು ವರ್ಷದಿಂದ ಆಸೆಯಿತ್ತು. ಕಾಯಂ ಸೂಪರ್‌ವೈಸರಿಗೆ ಓವರ್‌ಟೈಮ್ ಇಲ್ಲ, ಹಾಗಾಗಿ ಆ ತಿಂಗಳಿನಿಂದ ನನ್ನ ಕೈಗೆ ಬರುವ ಪಗಾರ ಮೊದಲಿಗಿಂತ ಕಡಿಮೆಯಾಯಿತು ಎಂಬುದನ್ನು ಮಾವನಿಗೆ ನಾನು ಈವರೆಗೂ ಹೇಳಿಲ್ಲ. ಹೆಂಡತಿಗೆ ಗೊತ್ತು. "ಹೇಳಬ್ಯಾಡ್ರಿ, ತುಪ್ಪ ನಿಂತೀತು" ಎಂದಿದ್ದಾಳೆ.

ಮರುವರ್ಷದ ಪೂಜೆ

ಸುದ್ದಿ ಕಾರ್ಖಾನೆಯ ತುಂಬ ಹಬ್ಬಿತ್ತು. ಮರುವರ್ಷ ಬಾಯ್ಲರ್ ಪೂಜೆಯ ದಿನ ಬೆಳಿಗ್ಗೆ ಬಂದು ನೋಡಿದರೆ, ಕಾರ್ಖಾನೆಯ ಟೆಂಪರರಿಗಳೆಲ್ಲ ಇಸ್ತ್ರಿ ಅಂಗಿ ಹಾಕಿ, ಹೆಂಡಂದಿರನ್ನು ಕರೆದುಕೊಂಡು ಗೇಟಿನಿಂದ ಬಾಯ್ಲರಿನವರೆಗೆ ಸಾಲಾಗಿ ನಿಂತಿದ್ದರು. ಮದುವೆಯಾಗದ ಒಬ್ಬ ಅಕ್ಕನನ್ನೇ ಕರೆತಂದು ಚಾಚಾನಿಂದ ಬೈಸಿಕೊಂಡ.

ಜಿ.ಎಂ. ಸಾಹೇಬರು ಜಾಣರು, ಇದನ್ನು ಮೊದಲೇ ಊಹಿಸಿದ್ದರು. ಈ ಸಲ ಕೊಲ್ಹಾಪುರದಿಂದ ಸ್ವಂತ ಹೆಂಡತಿಯನ್ನೇ ಕರೆಸಿದ್ದರು. ಅಳಿಯನ ವೈಭವ ನೋಡಲೆಂದು ಅವರ ಮಾವನೂ ಜೊತೆಗೆ ಬಂದಿದ್ದರು. ತಲೆಗೆ ಸುತ್ತಿದ ಕೆಂಪು ಫೇಟಾ, ಬಿಳಿ ಮೀಸೆ, ಚೇರ್ಮನ್ನರ ಪಕ್ಕದ ಸೋಫಾದಲ್ಲಿ ಬೆಳ್ಳಿ ಹಿಡಿಯ ಬೆತ್ತ ಊರಿಕೊಂಡು ಕುಳಿತಿದ್ದರು. ಸಾಹೇಬರು ಪೀತಾಂಬರ ಉಟ್ಟು ಮಣೆಯ ಮೇಲೆ ಕುಳಿತು, ಸಾಲಿನಲ್ಲಿದ್ದ ಟೆಂಪರರಿಗಳ ಕಡೆ ನೋಡಿ ಸ್ವಲ್ಪ ನಕ್ಕರು.

ಅದೇ ಅಯ್ಯನವರು, ಅದೇ ಮೈಕು. ಹೆಸರು ಕೇಳಿದರು. ಹುದ್ದೆ ಕೇಳಿದರು. "ಜನರಲ್ ಮ್ಯಾನೇಜರ್" ಎಂದರು ಸಾಹೇಬರು.

ಅಯ್ಯನವರು ಗಂಟೆ ಎತ್ತಿದವರು, ಹಿಂದಿನ ವರ್ಷದ್ದು ನೆನಪಾಗಿ, ಸುಮ್ಮನೆ ಕೇಳಿದರು: "ನೀವು ಕಾಯಂ ಇದ್ದೀರಲ್ರಿ, ಸಾಹೇಬ್ರ?"

ಸಾಹೇಬರು ಕನ್ನಡಕ ತೆಗೆದರು. ಒರೆಸಲು ಅಂಗಿ ಇರಲಿಲ್ಲ, ಪೀತಾಂಬರದ ಅಂಚಿನಿಂದಲೇ ಒರೆಸತೊಡಗಿದರು.

ಅಕೌಂಟ್ಸಿನವರೊಬ್ಬರು ನನ್ನ ಕಿವಿಯಲ್ಲಿ ಹೇಳಿದಾಗಲೇ ನನಗೆ ಗೊತ್ತಾದದ್ದು. ಸಾಹೇಬರು ಬಂದಾಗಿನಿಂದಲೂ ಕಾಂಟ್ರ್ಯಾಕ್ಟ್ ಮೇಲೆ ಇದ್ದಾರೆ. ವರ್ಷ ವರ್ಷ ಚೇರ್ಮನ್ನರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಊರಿನ ದಾರಿ. ನಮ್ಮನ್ನೆಲ್ಲ ಮುಂದಿನ ಸೀಜನ್‌ಗೆ ನೂಕುತ್ತಿದ್ದ ಮನುಷ್ಯನಿಗೆ ತಾನೇ ಮುಂದಿನ ಸೀಜನ್ ಇರುತ್ತೇನೋ ಇಲ್ಲವೋ ಗೊತ್ತಿರಲಿಲ್ಲ.

ಸಾಹೇಬರು ತಲೆ ಎತ್ತಿ ಚೇರ್ಮನ್ನರ ಕಡೆ ನೋಡಿದರು. ಆ ನೋಟದ ಪರಿಚಯ ನನಗಿತ್ತು. ಎಷ್ಟೋ ವರ್ಷ ನಾನು ಅವರನ್ನು ನೋಡಿದ್ದು ಹಾಗೆಯೇ.

"ಸರ್, ನನ್ನ ಕಾಯಂದು..." ಎಂದರು. ಮೈಕು ಹತ್ತಿರವಿತ್ತು.

ಚೇರ್ಮನ್ನರು ಮೊಬೈಲು ಕೆಳಗಿಟ್ಟರು. ಕೆಮ್ಮಿದರು. ಮೇಲೆ ಚಿಮಣಿಯ ಕಡೆ ನೋಡಿದರು. ಆಮೇಲೆ ಬಹಳ ಪ್ರೀತಿಯಿಂದ ಹೇಳಿದರು:

"ಮುಂದಿನ ಸೀಜನ್ ನೋಡೋಣ."

ಮೊದಲು ನಕ್ಕವನು ಚಾಚಾ. ಆಮೇಲೆ ಸಾಲಿನಲ್ಲಿದ್ದ ಟೆಂಪರರಿಗಳು, ಅವರ ಹೆಂಡಂದಿರು, ವಾಚ್‌ಮನ್, ರೈತರು. ಸಾಹೇಬರ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕೊನೆಗೆ ಸಾಹೇಬರಿಗೂ ತಡೆಯಲಾಗಲಿಲ್ಲ. ನಗದೆ ಉಳಿದವರು ಒಬ್ಬರೇ. ಕಾಯಂ ಎಂಬ ಶಬ್ದ ಮರಾಠಿಯಲ್ಲೂ ಅದೇ. ಕೆಂಪು ಫೇಟಾದ ಮಾವ ಬೆತ್ತದ ಮೇಲೆ ಎರಡೂ ಕೈ ಇಟ್ಟು, ಅಳಿಯನನ್ನು ಅಂಗಾಲಿನಿಂದ ನೆತ್ತಿಯವರೆಗೆ ಒಮ್ಮೆ ನೋಡಿದರು.

ಸಾಹೇಬರು ಮಣೆಯಿಂದ ಎದ್ದು ನನ್ನನ್ನು ಕರೆದರು. ಆ ವರ್ಷವೂ ನಾನು, ನನ್ನ ಹೆಂಡತಿಯೇ ಪೂಜೆಗೆ ಕುಳಿತೆವು. ಬಾಯ್ಲರ್ ಹತ್ತಿಕೊಂಡಿತು, ಚಿಮಣಿಯಲ್ಲಿ ಹೊಗೆ ಎದ್ದಿತು.

ಮಧ್ಯಾಹ್ನ ಹೋಳಿಗೆ ಊಟ. ಸಾಹೇಬರು ಪಂಕ್ತಿಯಲ್ಲಿ ತಮ್ಮ ಮಾವನ ಪಕ್ಕಕ್ಕೆ ತಲೆ ತಗ್ಗಿಸಿ ಕುಳಿತಿದ್ದರು. ಮಾವ ಅವರ ಕಡೆ ನೋಡುತ್ತಿರಲಿಲ್ಲ. ತುಪ್ಪ ಬಡಿಸುವವನು ಆ ಸಾಲಿಗೆ ಬರುವುದು ಕಂಡು ನಾನು ಓಡಿಹೋಗಿ ಅವನ ಕೈಯಿಂದ ಗಿಂಡಿ ಇಸಿದುಕೊಂಡೆ. ಸಾಹೇಬರ ಮುಂದೆ ಬಗ್ಗಿ, ಅವರ ಹೋಳಿಗೆಯ ಮೇಲೆ ಸುರಿಯಲು ಶುರು ಮಾಡಿದೆ. ಹೋಳಿಗೆ ಮುಳುಗಿತು. ತುಪ್ಪ ಎಲೆಯ ಅಂಚಿಗೆ ಬಂತು. ಮಾವ ಈ ಕಡೆ ತಿರುಗಿದರು.

ಸಾಹೇಬರು ಸಾಕು ಎನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.